ಲಗ್ನಪತ್ರಿಕೆಯ ಕನ್ನಡಕ್ಕೆ ಗಿಂಪ್ ಸಾಕೇ? ಆರು ವರ್ಷ ಬಳಸಿದ ಮೇಲೆ ನನ್ನ ಮಾತು

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಬ್ಯಾನರು, ಶ್ರದ್ಧಾಂಜಲಿಯ ಫ್ಲೆಕ್ಸು ಮಾಡುತ್ತೇನೆ. ಈಗೀಗ ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಫೋನಿನಲ್ಲಿ ಕಳಿಸುವ ಪತ್ರಿಕೆಗಳು. ನಮ್ಮೂರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ನಮ್ಮಪ್ಪ ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮೊಳೆ ಸಾಲಾಗಿ ಕೂರಿಸುವ ಸ್ಟಿಕ್ಕು ಎಡಗೈಯಲ್ಲಿ ಹಿಡಿದು, ಮೊಳೆ ತುಂಬಿದ ಕೇಸಿನತ್ತ ನೋಡದೆಯೇ ಬಲಗೈಯಿಂದ ಒತ್ತಕ್ಷರ ಹೆಕ್ಕುತ್ತಿದ್ದರು. ಆ ಮನೆಯಲ್ಲಿ ಬೆಳೆದವಳಿಗೆ ಒಂದು ಒತ್ತು ತಪ್ಪಿದರೂ ಕಣ್ಣಿಗೆ ಕಸ ಬಿದ್ದ ಹಾಗೆ. ಅದಕ್ಕೇ ಒಂದು ಚಿತ್ರ ತಿದ್ದುವ ತಂತ್ರಾಂಶ ಒಳ್ಳೆಯದೋ ಅಲ್ಲವೋ ಎಂದು ನಾನು ಅಳೆಯುವುದು ಫೋಟೋ ಹೇಗೆ ತಿದ್ದುತ್ತದೆ ಎಂಬುದರಿಂದಲ್ಲ, ಕನ್ನಡವನ್ನು ಹೇಗೆ ಕೂಡಿಸುತ್ತದೆ ಎಂಬುದರಿಂದ.

ಚಿತ್ರ ತಿದ್ದುವ ಉಚಿತ ತಂತ್ರಾಂಶವಾದ ಗಿಂಪ್‌ಗೆ ನಾನು ಬಂದದ್ದು 2019ರಲ್ಲಿ. ಅದಕ್ಕೂ ಮುಂಚೆ ನಾನು ಕೆಲಸ ಕಲಿತ ಅಂಗಡಿಯಲ್ಲಿ ಒಂದು ಹೆಸರಾಂತ ತಂತ್ರಾಂಶದ ಹಳೆಯ ಪ್ರತಿ ಇತ್ತು. ಅದರಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳಿಗೂ ಒಂದೇ ಆದ ಅಕ್ಷರಸಂಕೇತ) ಕನ್ನಡ ಹಾಕಿದರೆ 'ಲಕ್ಷ್ಮಿ' ಎಂಬ ಹೆಸರು 'ಲಕ್‌ಷ್‌ಮಿ' ಎಂದು ಮೂರು ತುಂಡಾಗಿ ನಿಲ್ಲುತ್ತಿತ್ತು. ಹಾಗಾಗಿ ಎಲ್ಲರೂ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲೇ ಟೈಪಿಸುತ್ತಿದ್ದರು. ಸ್ವಂತ ಅಂಗಡಿ ಇಟ್ಟಾಗ ಕದ್ದ ಪ್ರತಿಯಿಂದ ಶುರು ಮಾಡಲು ಮನಸ್ಸಾಗಲಿಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟುವಷ್ಟು ಕೆಲಸವೂ ಆಗ ಇರಲಿಲ್ಲ. ಗಿಂಪ್‌ಗೆ ದುಡ್ಡಿಲ್ಲ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದನ್ನು ಇವತ್ತಿಗೂ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ.

ಮೊದಲ ದಿನ ಮಾಡಿದ್ದೇ ಒತ್ತಕ್ಷರದ ಪರೀಕ್ಷೆ. ಅಕ್ಷರ ಬರೆಯುವ ಟೆಕ್ಸ್ಟ್ ಟೂಲಿಗಾಗಿ ಕೀಲಿಮಣೆಯ ಟಿ ಒತ್ತಿ, ಖಾಲಿ ಹಾಳೆಯ ಮೇಲೆ ಕ್ಲಿಕ್ ಮಾಡಿ, 'ಸ್ತ್ರೀ', 'ರಾಷ್ಟ್ರ', 'ಮುಹೂರ್ತ', 'ಲಕ್ಷ್ಮಿ' ಎಂದು ಹೊಡೆದೆ. ಎಲ್ಲವೂ ಕೂಡಿಕೊಂಡೇ ಬಂದವು. 'ರಾಷ್ಟ್ರ'ದ ಎರಡು ಒತ್ತುಗಳು ಒಂದರ ಪಕ್ಕ ಒಂದು ತಮ್ಮ ಜಾಗದಲ್ಲಿ, 'ಮುಹೂರ್ತ'ದ ಅರ್ಕಾವತ್ತು 'ತ'ದ ಬಲಕ್ಕೆ. ಅಪ್ಪನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. 'ಮೊಳಿ ಜೋಡಿಸಿದಂಗ ಐತಿ' ಅಂದರು. ನನಗೆ ಅಷ್ಟು ಸಾಕಾಯಿತು.

ಇದಕ್ಕೆ ಕಾರಣ ಗಿಂಪ್ ಅಕ್ಷರ ಕೂಡಿಸುವ ಕೆಲಸವನ್ನು ತಾನೇ ಮಾಡದೆ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಎಂಬ ಎರಡು ಪರಿಕರಗಳಿಗೆ ಒಪ್ಪಿಸಿರುವುದು. ಯೂನಿಕೋಡ್‌ನಲ್ಲಿ 'ಸ್ತ್ರೀ' ಎಂಬುದು ಸ, ಹಲಂತ, ತ, ಹಲಂತ, ರ, ದೀರ್ಘ ಈ ಎಂದು ಸಾಲಾಗಿ ಇರುತ್ತದೆ. ಅವನ್ನು ಯಾವ ಆಕಾರದಲ್ಲಿ ಎಲ್ಲಿ ಕೂಡಿಸಬೇಕು ಎಂದು ಫಾಂಟಿನ ಒಳಗಿನ ನಿಯಮ ಓದಿ ಹೇಳುವುದು ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಆ್ಯಂಡ್ರಾಯ್ಡ್ ಫೋನು, ಲಿಬ್ರೆಆಫೀಸ್ ಎಲ್ಲದರ ಒಳಗೂ ಇದೇ ಇದೆ. ಅಂದರೆ ನಿಮ್ಮ ಫೋನಿನಲ್ಲಿ ಸರಿಯಾಗಿ ಓದಲು ಬರುವ ಕನ್ನಡ ಗಿಂಪ್‌ನಲ್ಲೂ ಸರಿಯಾಗಿಯೇ ಬರುತ್ತದೆ. ಈ ಒಂದು ಕಾರಣಕ್ಕೆ ನಾನು ಅದರ ಬಾಕಿ ಕಿರಿಕಿರಿಗಳನ್ನು ಆರು ವರ್ಷ ಸಹಿಸಿದ್ದೇನೆ. ಫೋಟೋಶಾಪ್ ಬಳಸುವವರಿಗೂ ಒಂದು ಮಾತು: ಅದರ ಹಳೆಯ ಆವೃತ್ತಿಗಳಲ್ಲಿ ಒತ್ತು ಒಡೆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆ ಇರುವ ಆಯ್ಕೆಯನ್ನು, ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಎಂಬ ಆಯ್ಕೆಯನ್ನು ಹುಡುಕಿ. ಎಷ್ಟೋ ಜನ ಅದು ಗೊತ್ತಿಲ್ಲದೆ ಫಾಂಟನ್ನು ಬೈಯುತ್ತಾರೆ.

ಇನ್ನು ಕಿರಿಕಿರಿಗಳಿಗೆ ಬರುತ್ತೇನೆ. ಬೇರೆ ಅಂಗಡಿಯ ಹುಡುಗ-ಹುಡುಗಿಯರು ನನಗೆ ಫೋನ್ ಮಾಡಿ ಕೇಳುವುದೂ ಇವನ್ನೇ.

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, 'ಅಕ್ಕಾ, ಫಾಂಟ್ ಬದಲಿಸಿದರೂ ಅಕ್ಷರ ಬದಲಾಗುತ್ತಿಲ್ಲ' ಎಂಬುದು. ನಾನೂ ಇದರಲ್ಲಿ ಒಂದಿಡೀ ಸಂಜೆ ಕಳೆದಿದ್ದೇನೆ. ಗಿಂಪ್‌ನಲ್ಲಿ ಅಕ್ಷರಕ್ಕೆ ರೂಪ ಕೊಡುವ ಜಾಗ ಎರಡಿವೆ. ಒಂದು, ಎಡಗಡೆಯ ಟೂಲ್ ಆಪ್ಷನ್ಸ್ ಪಟ್ಟಿ. ಇನ್ನೊಂದು, ಹಾಳೆಯ ಮೇಲೆಯೇ ಅಕ್ಷರದ ತಲೆಯ ಮೇಲೆ ತೇಲುವ ಸಣ್ಣ ಪಟ್ಟಿ. ಎಡಗಡೆಯದು ಇಡೀ ಪದರಕ್ಕೆ (ಲೇಯರ್) ಅನ್ವಯಿಸುತ್ತದೆ. ತೇಲುವ ಪಟ್ಟಿಯದು ನೀವು ಆಯ್ದುಕೊಂಡ ಅಕ್ಷರಗಳಿಗೆ ಮಾತ್ರ, ಆದರೆ ಅದರದೇ ಮೇಲುಗೈ. ವರನ ಹೆಸರಿಗೆ ಒಮ್ಮೆ ತೇಲುವ ಪಟ್ಟಿಯಿಂದ 90 ಪಿಕ್ಸೆಲ್ ಗಾತ್ರ, ಕೆಂಪು ಬಣ್ಣ ಕೊಟ್ಟಿರಿ ಅನ್ನಿ. ಆಮೇಲೆ ಎಡಗಡೆ ಏನೇ ತಿರುಗಿಸಿದರೂ ಆ ಹೆಸರು ಅಲ್ಲಾಡುವುದಿಲ್ಲ, ಸುತ್ತಲಿನದು ಮಾತ್ರ ಬದಲಾಗುತ್ತದೆ. ಪೂರ್ತಿ ಸಾಲಿಗೇ ಹಾಗೆ ಕೊಟ್ಟಿದ್ದರಂತೂ ಎಡಗಡೆಯ ಪಟ್ಟಿ ಕೆಟ್ಟೇ ಹೋಗಿದೆ ಅನ್ನಿಸುತ್ತದೆ. ದಾರಿ ಸುಲಭ: ಅಕ್ಷರದ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್-ಎ ಒತ್ತಿ ಎಲ್ಲ ಆಯ್ದುಕೊಳ್ಳಿ, ತೇಲುವ ಪಟ್ಟಿಯಲ್ಲಿ ಶೈಲಿ ಅಳಿಸುವ ಗುಂಡಿ ಇದೆ, ಅದನ್ನು ಒತ್ತಿ. ಹಾಕಿದ್ದೆಲ್ಲ ತೊಳೆದು ಹೋಗಿ ಎಡಗಡೆಯ ಪಟ್ಟಿಗೆ ಮತ್ತೆ ಜೀವ ಬರುತ್ತದೆ.

ನಾನೀಗ ಒಂದು ನಿಯಮ ಮಾಡಿಕೊಂಡಿದ್ದೇನೆ. ಬೇರೆ ಗಾತ್ರ, ಬೇರೆ ಬಣ್ಣ ಬೇಕಾದ ಪ್ರತಿ ಸಾಲಿಗೂ ಬೇರೆ ಪದರ. ದೇವರ ಹೆಸರು ಒಂದು ಪದರ, 'ಚಿ.' ಮತ್ತು ವರನ ಹೆಸರು ಒಂದು, 'ಚಿ. ಸೌ.' ಮತ್ತು ವಧುವಿನ ಹೆಸರು ಒಂದು, ಅಕ್ಷತಾರೋಪಣದ ಸಮಯ ಇನ್ನೊಂದು. ತೇಲುವ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಆ ಪಟ್ಟಿ ಮೇಲಿನ ಸಾಲನ್ನು ಮುಚ್ಚಿಕೊಂಡು ಕೂರುವುದು ಕೂಡ ನನಗೆ ಸೇರುವುದಿಲ್ಲ. ಲಗ್ನಪತ್ರಿಕೆಯಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ, ಕೆಳಗಿನದನ್ನು ತಿದ್ದುವಾಗ ಮೇಲಿನದು ಕಾಣುತ್ತಿರಬೇಕು.

ಅಕ್ಷರ ಅರ್ಧಕ್ಕೇ ಕತ್ತರಿಸಿ ಹೋಗುವುದಕ್ಕೆ ಬೇರೆ ಕಾರಣ. ಅಕ್ಷರದ ಚೌಕಟ್ಟಿನ ಮೂಲೆ ಹಿಡಿದು ಎಳೆದ ಕೂಡಲೇ ಅದು ಡೈನಾಮಿಕ್ (ತಾನಾಗಿ ಹಿಗ್ಗುವಂಥದ್ದು) ಇದ್ದದ್ದು ಫಿಕ್ಸ್ಡ್ (ಹಿಗ್ಗದ್ದು) ಆಗುತ್ತದೆ. ಆಮೇಲೆ ಗಾತ್ರ ಹೆಚ್ಚಿಸಿದರೆ ಚೌಕಟ್ಟಿನ ಹೊರಗೆ ಬಿದ್ದ ಸಾಲು ಮಾಯ. ಟೂಲ್ ಆಪ್ಷನ್ಸ್‌ನಲ್ಲಿ ಬಾಕ್ಸ್ ಎಂದಿರುವಲ್ಲಿ ಮತ್ತೆ ಡೈನಾಮಿಕ್ ಮಾಡಿದರೆ ಮುಗಿಯಿತು.

ಈಗ ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ನಾನು ಈ ವಿಮರ್ಶೆ ಬರೆಯಲು ಕೂತದ್ದೇ ಅದು ಇನ್ನೊಬ್ಬರಿಗೆ ಆಗದಿರಲಿ ಎಂದು.

ಒಂದು ಲಗ್ನಪತ್ರಿಕೆ, ಫೋನಿನಲ್ಲಿ ಕಳಿಸುವಂಥದ್ದು, 1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರ. ವಧುವಿನ ತಂಗಿಯ ಹೆಸರು ಧನಲಕ್ಷ್ಮಿ. ಕೆಳಗಡೆ 'ಸುಖಾಗಮನ ಬಯಸುವವರು' ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಆ ಹೆಸರು ಇತ್ತು. ಹಿನ್ನೆಲೆಯಲ್ಲಿ ಚೆಂಡುಹೂವಿನ ಚಿತ್ರ, ಅದರ ಮೇಲೆ ಅಕ್ಷರ ಎದ್ದು ಕಾಣಲೆಂದು ತೇಲುವ ಪಟ್ಟಿಯ ಬೋಲ್ಡ್ ಗುಂಡಿ ಒತ್ತಿದೆ. ಇನ್ನೂ ಸಾಲದೆಂದು ಸುತ್ತ ಅದೇ ಬಣ್ಣದ ತೆಳು ಅಂಚು ಹಾಕಿದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುವಾಗ ಎಲ್ಲ ಸರಿಯಾಗಿಯೇ ಇತ್ತು. ಕಳಿಸುವ ಮೊದಲು ರೂಢಿಯಂತೆ ಅಪ್ಪನ ಫೋನಿಗೆ ಹಾಕಿದೆ. ಅಪ್ಪ ಎರಡು ನಿಮಿಷ ಓದಿದರು. ಆಮೇಲೆ ಫೋನನ್ನು ನನ್ನ ಮುಂದೆ ಹಿಡಿದರು.

'ಸೀಳು ಎಲ್ಲಿ ಹೋತು ಯವ್ವಾ? ಇದು ಧ ಅಲ್ಲ, ದ ಆಗೇತಿ ನೋಡು.'

ನೋಡಿದೆ. ಧನಲಕ್ಷ್ಮಿ ಎಂಬ ಆ ಹುಡುಗಿಯ ಹೆಸರು ದನಲಕ್ಷ್ಮಿ ಎಂದು ಓದುತ್ತಿತ್ತು. ಮೈ ತಣ್ಣಗಾಯಿತು. ನೂರಾರು ಮನೆಗೆ ಹೋಗುವ ಪತ್ರಿಕೆ ಅದು. ವರ್ಷಗಟ್ಟಲೆ ಫೋನಿನಲ್ಲಿ ಉಳಿಯುವಂಥದ್ದು.

ನಾನು ಟೈಪಿಸಿದ್ದು 'ಧ'ವನ್ನೇ, ಅದರಲ್ಲಿ ತಪ್ಪಿರಲಿಲ್ಲ. ಹಾಳಾದದ್ದು ಆಕಾರ. ನಮ್ಮ ಲಿಪಿಯಲ್ಲಿ ದ-ಧ, ಡ-ಢ, ಪ-ಫ, ಬ-ಭ ಇವುಗಳ ನಡುವಿನ ವ್ಯತ್ಯಾಸ ತಳದಲ್ಲಿರುವ ಒಂದು ಪುಟ್ಟ ಸೀಳು ಮಾತ್ರ. ಶಾಲೆಯಲ್ಲಿ ನಮಗೆ ಹೊಟ್ಟೆ ಸೀಳಿದ ಧ ಎಂದೇ ಹೇಳಿಕೊಟ್ಟಿದ್ದರು. 'ಥ'ಕ್ಕೆ ಸೀಳಿನ ಜೊತೆ ಒಳಗೊಂದು ಚುಕ್ಕೆ, 'ಠ'ಕ್ಕೆ ಚುಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರ ತುಸು ದಪ್ಪಗಾದರೆ ಅಂದ ಕೆಡಬಹುದು, ಬೇರೊಂದು ಅಕ್ಷರವಾಗುವುದು ಕಡಿಮೆ. ಕನ್ನಡದಲ್ಲಿ ದಪ್ಪವಾದರೆ ಸೀಳು ಮುಚ್ಚಿ ಬೇರೆ ಅಕ್ಷರವೇ ಆಗಿಬಿಡುತ್ತದೆ.

ದಪ್ಪ ಯಾಕೆ ಅಷ್ಟು ಕೆಟ್ಟದಾಗಿ ಬಂತು ಎಂದರೆ, ನಾನು ಬಳಸಿದ ಫಾಂಟಿಗೆ ಬೋಲ್ಡ್ ರೂಪವೇ ಇರಲಿಲ್ಲ. ಫಾಂಟಿನಲ್ಲಿ ಇಲ್ಲದ ಬೋಲ್ಡನ್ನು ಕೇಳಿದರೆ ಸುಮ್ಮನೆ ಗೆರೆಯನ್ನು ನಾಲ್ಕೂ ಕಡೆ ಊದಿಸಿ ಕೊಡಲಾಗುತ್ತದೆ. ನಿಜವಾದ ಬೋಲ್ಡ್ ಬರೆಯುವ ಕಲಾವಿದ ಗೆರೆ ದಪ್ಪ ಮಾಡುವಾಗ ಸೀಳನ್ನೂ ಅಗಲಿಸುತ್ತಾನೆ, ಒತ್ತನ್ನು ಸ್ವಲ್ಪ ಕೆಳಗಿಳಿಸುತ್ತಾನೆ. ಊದಿಸಿದ ಅಕ್ಷರಕ್ಕೆ ಆ ವಿವೇಕ ಇರುವುದಿಲ್ಲ. ಅದರ ಮೇಲೆ ನಾನು ಅಂಚು ಬೇರೆ ಹಾಕಿದ್ದೆ. ಕೊನೆಗೆ ಚಿತ್ರ ಫೋನಿಗೆ ಹೋಗುವಾಗ ಕುಗ್ಗಿ, ಉಳಿದಿದ್ದ ಕೂದಲೆಳೆಯಷ್ಟು ಸಂದೂ ಮುಚ್ಚಿಕೊಂಡಿತು.

ಆವತ್ತಿನಿಂದ ಬೋಲ್ಡ್ ಗುಂಡಿಯನ್ನು ಮುಟ್ಟಿಲ್ಲ. ದಪ್ಪ ಬೇಕಿದ್ದರೆ ಫಾಂಟ್ ಪಟ್ಟಿಯಿಂದಲೇ ದಪ್ಪ ರೂಪವನ್ನು ಆರಿಸುತ್ತೇನೆ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ 9 ತೂಕಗಳಿವೆ. ಬಾಲೂ ತಮ್ಮ 2ರಲ್ಲಿ 5 ಇವೆ. ಅನೇಕ್ ಕನ್ನಡದಲ್ಲಿ ತೂಕದ ಜೊತೆಗೆ ಅಗಲ-ಕಿರಿದೂ ಇದೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಗಿರಾಕಿಯ ಕೆಲಸಕ್ಕೆ ಬಳಸಲು ಅನುಮತಿಯೂ ಇದೆ. ಸಣ್ಣ ಹೆಸರುಗಳಿಗೆ ನಾನು ಮಧ್ಯಮ ತೂಕವನ್ನು ದಾಟುವುದಿಲ್ಲ. ಹಿನ್ನೆಲೆ ಗಲಿಬಿಲಿಯಾಗಿದ್ದರೆ ಅಕ್ಷರವನ್ನು ದಪ್ಪ ಮಾಡುವ ಬದಲು ಅದರ ಹಿಂದೆ ತಿಳಿ ಬಣ್ಣದ ಪಟ್ಟಿ ಎಳೆಯುತ್ತೇನೆ. ಟೂಲ್ ಆಪ್ಷನ್ಸ್‌ನಲ್ಲಿ ಹಿಂಟಿಂಗ್ (ಅಕ್ಷರದ ಗೆರೆಯನ್ನು ಪಿಕ್ಸೆಲ್‌ಗೆ ಹೊಂದಿಸುವುದು) ಎಂಬ ಆಯ್ಕೆಯನ್ನು ನನ್ (None) ಅಥವಾ ಸ್ಲೈಟ್ (Slight) ಮಾಡಿಟ್ಟರೆ ಸಣ್ಣ ಅಕ್ಷರದ ದುಂಡು ಚೆನ್ನಾಗಿ ಉಳಿಯುತ್ತದೆ ಎಂಬುದು ನನ್ನ ಕಣ್ಣಿನ ಅನುಭವ. ಪತ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಆಗ ಚಿತ್ರವನ್ನು ಮತ್ತೆ ಹಿಂಡುವುದಿಲ್ಲ, ಒತ್ತುಗಳು ಹರಿತವಾಗಿಯೇ ತಲುಪುತ್ತವೆ.

ಫಾಂಟಿನ ಮಾತು ಬಂದಾಗ ಇನ್ನೊಂದು ಮೋಸವನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಆಯ್ದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೂ ಕನ್ನಡ ಕಾಣುತ್ತದೆ. ಗಿಂಪ್ ದೂರು ಹೇಳದೆ ಕಂಪ್ಯೂಟರಿನಲ್ಲಿರುವ ಬೇರೆ ಯಾವುದೋ ಕನ್ನಡ ಫಾಂಟಿನಿಂದ ಎರವಲು ತರುತ್ತದೆ. ವಿಂಡೋಸ್‌ನಲ್ಲಿ ಅದು ನಿರ್ಮಲಾ ಯುಐ ಆಗಬಹುದು, ಟುಂಗಾ ಆಗಬಹುದು. ಅಂಗಡಿಯಲ್ಲಿ ಮಾಡಿದ ಕಾರ್ಡನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಅಕ್ಷರಗಳೆಲ್ಲ ಬೇರೆಯಾಗಿ, ಸಾಲುಗಳು ಒಂದರ ಮೇಲೊಂದು ಏರಿದ್ದವು. ತಲೆ ಕೆಟ್ಟು ಹುಡುಕಿದರೆ, ನಾನು ಆಯ್ದಿದ್ದದ್ದು ಒಂದು ಇಂಗ್ಲಿಷ್ ಅಲಂಕಾರದ ಫಾಂಟು. ಅಂಗಡಿಯಲ್ಲಿ ಒಬ್ಬರು ಎರವಲು ಕೊಟ್ಟಿದ್ದರು, ಮನೆಯಲ್ಲಿ ಇನ್ನೊಬ್ಬರು. ಅದಕ್ಕೆ ಕನ್ನಡದ ಪದರಕ್ಕೆ ಕನ್ನಡದ ಫಾಂಟನ್ನೇ ಹೆಸರು ಹಿಡಿದು ಆರಿಸಬೇಕು. ತಾರೀಖು, ಫೋನ್ ನಂಬರ್ ಇಂಗ್ಲಿಷ್ ಅಂಕಿಯಲ್ಲಿದ್ದರೂ ಅದೇ ಫಾಂಟಿನಲ್ಲಿ ಇಟ್ಟರೆ ಎತ್ತರ ಹೊಂದುತ್ತದೆ.

ಹೊಸ ಫಾಂಟು ಹಾಕಿದ ಮೇಲೂ ಪಟ್ಟಿಯಲ್ಲಿ ಬರದಿದ್ದರೆ ಫಾಂಟ್ಸ್ ಡೈಲಾಗ್ ತೆರೆದು ಮತ್ತೆ ಹುಡುಕುವ ಗುಂಡಿ ಒತ್ತಿ. ವಿಂಡೋಸ್ 10ರಲ್ಲಿ ಗಿಂಪ್ 2.10ರ ಹಳೆಯ ಆವೃತ್ತಿ ಇದ್ದವರು ಫಾಂಟನ್ನು ಎಲ್ಲ ಬಳಕೆದಾರರಿಗೂ ಎಂಬ ಆಯ್ಕೆಯಿಂದ ಹಾಕಬೇಕಿತ್ತು, ಇಲ್ಲವಾದರೆ ಗಿಂಪ್‌ಗೆ ಕಾಣುತ್ತಿರಲಿಲ್ಲ. ಗೂಗಲ್‌ನಿಂದ ಇಳಿಸಿದ ಜಿಪ್‌ನಲ್ಲಿ ಸ್ಟ್ಯಾಟಿಕ್ ಎಂಬ ಫೋಲ್ಡರು ಇರುತ್ತದೆ. ಒಂದೇ ಕಡತದಲ್ಲಿ ಎಲ್ಲ ತೂಕ ತುಂಬಿದ ವೇರಿಯಬಲ್ ಫಾಂಟಿಗಿಂತ ಆ ಫೋಲ್ಡರಿನ ಬಿಡಿ ಕಡತಗಳೇ ನನಗೆ ತೊಂದರೆಯಿಲ್ಲದೆ ನಡೆದಿವೆ.

ಗಿರಾಕಿಗಳು ತರುವ ಮ್ಯಾಟರು ಇನ್ನೊಂದು ಕಥೆ. ಅಜ್ಜನ ಕಾಲದ ವರ್ಡ್ ಕಡತದಿಂದ ನಕಲು ಮಾಡಿ ಅಂಟಿಸಿದರೆ ಗಿಂಪ್‌ನಲ್ಲಿ ಇಂಗ್ಲಿಷ್ ಅಕ್ಷರ, ಮೇಲೆ ಕೋಡುಗಳಿರುವ ಎ, ಪೌಂಡಿನ ಗುರುತು ಎಲ್ಲ ಕಲಸಿದ ಹಾಗೆ ಬರುತ್ತದೆ. ಅದು ಕೆಟ್ಟ ಕಡತವಲ್ಲ, ನುಡಿಯ ಹಳೆಯ ಆಸ್ಕಿ ಬರವಣಿಗೆ. ಅಲ್ಲಿ ಇಂಗ್ಲಿಷ್‌ನ ದೊಡ್ಡ 'ಪಿ' ಜಾಗದಲ್ಲಿ 'ಕ' ಕೂತಿದೆ, ಪೌಂಡಿನ ಗುರುತಿನಲ್ಲಿ 'ನ' ಕೂತಿದೆ. ಆ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಹಳೆಯ ಬರವಣಿಗೆಯಲ್ಲಿ ಕಣ್ಣಿಗೆ ಸರಿ ಕಂಡದ್ದು ಬೇರೆ ಕ್ರಮದಲ್ಲಿ ಟೈಪಾಗಿರುವ ಸಾಧ್ಯತೆ ಇರುತ್ತದೆ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 'ಸುರೇಶ್‌ಕುಮಾರ್' ಎಂದು ಬರೆಯಬೇಕಾದಲ್ಲಿ 'ಸುರೇಶ್ಕುಮಾರ್' ಎಂದು 'ಶ'ದ ಕೆಳಗೆ 'ಕ' ಒತ್ತಾಗಿ ಹೋಗುತ್ತದೆ. ಗಿಂಪ್ ತನಗೆ ಕೊಟ್ಟದ್ದನ್ನು ನಿಯಮದಂತೆಯೇ ಕೂಡಿಸಿದೆ. ಕೂಡಿಸಬೇಡ ಎಂದು ಹೇಳಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. 'ರ‍್ಯಾಂಕ್' ಬೇಕಾದಲ್ಲಿ 'ರ್ಯಾಂಕ್' ಬಂದರೆ ಅದಕ್ಕೆ ಬೇಕಾದದ್ದು ಅದರ ಅಕ್ಕ ಜಾಯ್ನರ್, ಅದೂ 'ರ' ಆದ ಮೇಲೆ ಹಲಂತಕ್ಕಿಂತ ಮುಂಚೆ. ನಾನು ಇಂಥ ಹೆಸರುಗಳನ್ನೆಲ್ಲ ಒಂದು ನೋಟ್‌ಪ್ಯಾಡ್ ಕಡತದಲ್ಲಿ ಸರಿಯಾಗಿ ಬರೆದಿಟ್ಟುಕೊಂಡಿದ್ದೇನೆ, ಬೇಕಾದಾಗ ನಕಲು ಮಾಡಿ ಅಂಟಿಸುತ್ತೇನೆ. ನಿಜ ಹೇಳಬೇಕೆಂದರೆ ಪೂರ್ತಿ ಮ್ಯಾಟರನ್ನೇ ಹೊರಗೆ ಟೈಪಿಸಿ, ಓದಿ, ತಿದ್ದಿ, ಆಮೇಲೆ ಗಿಂಪ್‌ಗೆ ತರುವುದು ಒಳ್ಳೆಯದು.

ಗಾತ್ರದ ಗೊಂದಲಕ್ಕೆ ಒಂದು ಲೆಕ್ಕ ಗೊತ್ತಿದ್ದರೆ ಸಾಕು. 12 ಪಾಯಿಂಟ್ ಅಕ್ಷರ 72 ರೆಸಲ್ಯೂಶನ್ನಿನ (ಇಂಚಿಗೆ 72 ಪಿಕ್ಸೆಲ್) ಹಾಳೆಯಲ್ಲಿ 12 ಪಿಕ್ಸೆಲ್, 300ರ ಹಾಳೆಯಲ್ಲಿ 50 ಪಿಕ್ಸೆಲ್. 5 ಇಂಚು ಅಗಲ 7 ಇಂಚು ಎತ್ತರದ ಕಾರ್ಡು 300ರಲ್ಲಿ 1500 ಮತ್ತು 2100 ಪಿಕ್ಸೆಲ್ ಆಗುತ್ತದೆ. ಕೆಲಸ ಶುರು ಮಾಡುವ ಮೊದಲೇ ಇದನ್ನು ಗೊತ್ತು ಮಾಡಿಕೊಳ್ಳಿ. ಆಮೇಲೆ ಅಕ್ಷರ ಸಣ್ಣದಾಯಿತು ಎಂದು ಸ್ಕೇಲ್ ಟೂಲಿನಿಂದ ಎಳೆದು ಹಿಗ್ಗಿಸಬೇಡಿ. ಎಳೆದರೆ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತದೆ, ಅಂಚು ಮಸುಕಾಗುತ್ತದೆ. ಮತ್ತೆ ಅದರ ಮೇಲೆ ಟಿ ಒತ್ತಿ ಕ್ಲಿಕ್ ಮಾಡಿದರೆ ಈ ಪದರವನ್ನು ಬೇರೆ ಪರಿಕರದಿಂದ ಬದಲಿಸಲಾಗಿದೆ, ತಿದ್ದಿದರೆ ಆ ಬದಲಾವಣೆ ಹೋಗುತ್ತದೆ ಎಂದು ಗಿಂಪ್ ಕೇಳುತ್ತದೆ. ಎಡಿಟ್ ಒತ್ತಿದರೆ ನೀವು ಎಳೆದದ್ದು, ತಿರುಗಿಸಿದ್ದು ಎಲ್ಲ ಅಳಿದು ಮೂಲ ಅಕ್ಷರ ಬರುತ್ತದೆ. ಹೊಸಬರು ಅಲ್ಲಿ ಗಾಬರಿಯಾಗುತ್ತಾರೆ. ಕ್ರಿಯೇಟ್ ನ್ಯೂ ಲೇಯರ್ ಒತ್ತಿದರೆ ಹಳೆಯದೂ ಉಳಿಯುತ್ತದೆ, ತಿದ್ದಲು ಹೊಸದೂ ಸಿಗುತ್ತದೆ. ಕಡತವನ್ನು ಪದರಗಳನ್ನೆಲ್ಲ ಹಾಗೇ ಇಡುವ ಗಿಂಪ್‌ನದೇ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಲು ಮರೆಯಬೇಡಿ. ಪಿಎನ್‌ಜಿ ಮಾತ್ರ ಉಳಿಸಿಕೊಂಡು, ಮುಹೂರ್ತ ಹತ್ತು ನಿಮಿಷ ಮುಂದೆ ಹೋಯಿತು ಎಂದು ಗಿರಾಕಿ ಬಂದಾಗ ಇಡೀ ಕಾರ್ಡನ್ನು ಮತ್ತೆ ಮಾಡಬೇಕಾಗುತ್ತದೆ.

ಸಾಲುಗಳ ನಡುವಿನ ಅಂತರಕ್ಕೆ ಕನ್ನಡದಲ್ಲಿ ಧಾರಾಳವಾಗಿರಿ. ಮೇಲಿನ ಸಾಲಿನಲ್ಲಿ 'ರಾಷ್ಟ್ರ', ಕೆಳಗಿನದರಲ್ಲಿ 'ಶ್ರೀ' ಇದ್ದರೆ ಒತ್ತು ಹೋಗಿ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಕೊಡುವ ಆಯ್ಕೆಯನ್ನು ಮಾತ್ರ ನಾನು ಸೊನ್ನೆಯಲ್ಲೇ ಬಿಡುತ್ತೇನೆ. ನಮ್ಮ ದುಂಡು ಅಕ್ಷರಗಳು ದೂರ ನಿಂತರೆ ಪದ ಪದವಾಗಿ ಓದಲು ಬರುವುದಿಲ್ಲ.

ಮೆಚ್ಚಿದ್ದನ್ನೂ ಹೇಳಬೇಕು. ಜಾತ್ರೆಯ ಬ್ಯಾನರಿನಲ್ಲಿ ದೇವರ ಹೆಸರು ಕಮಾನಿನ ಹಾಗೆ ಬಾಗಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಬಾಗಿದ ಗೆರೆಯೊಂದನ್ನು ಪಾತ್ ಆಗಿ ಎಳೆದು, ಅಕ್ಷರದ ಪದರದ ಮೇಲೆ ಬಲಗಡೆಯ ಕ್ಲಿಕ್ ಮಾಡಿ, ಟೆಕ್ಸ್ಟ್ ಅಲಾಂಗ್ ಪಾತ್ ಆರಿಸಿದರೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಒತ್ತು ಸಮೇತ ಬಾಗುತ್ತದೆ, ಒಂದೂ ಬೇರೆಯಾಗಿ ಬೀಳುವುದಿಲ್ಲ. ಬರುವುದು ಗೆರೆ ಮಾತ್ರ, ಬಣ್ಣ ನೀವೇ ತುಂಬಬೇಕು.

2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಗೆ ಏರಿದ ಮೇಲೆ ನನ್ನ ದಿನದ ಕೆಲಸ ಹಗುರಾಗಿದೆ. ಮೊದಲು ಅಕ್ಷರಕ್ಕೆ ನೆರಳು ಹಾಕಿದರೆ ಅದೊಂದು ಬೇರೆ ಚಿತ್ರವಾಗುತ್ತಿತ್ತು, ಹೆಸರು ತಿದ್ದಿದರೆ ನೆರಳನ್ನೂ ಹೊಸದಾಗಿ ಮಾಡಬೇಕಿತ್ತು. ಈಗ ನೆರಳು ಹಾಕಿದ ಮೇಲೂ ಹೆಸರು ತಿದ್ದಬಹುದು, ನೆರಳು ತಾನಾಗಿ ಬದಲಾಗುತ್ತದೆ. ಅಕ್ಷರದ ಸುತ್ತ ಅಂಚು ಹಾಕುವುದೂ ಟೆಕ್ಸ್ಟ್ ಟೂಲಿನ ಒಳಗೇ ಬಂದಿದೆ. ಅಂಚಿನ ದಪ್ಪ ಕಡಿಮೆ ಮಾಡಿ ನೋಡಲು ಒಂದು ಅಂಕಿ ಬದಲಿಸಿದರೆ ಆಯಿತು. ಧನಲಕ್ಷ್ಮಿಯ ಪತ್ರಿಕೆ ಮಾಡುವಾಗ ಇದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಆದರೆ ಅಚ್ಚಿಗೆ ಹೋಗುವ ಕಾರ್ಡಿನ ಸಣ್ಣ ಅಕ್ಷರಗಳನ್ನು ನಾನು ಗಿಂಪ್‌ನಲ್ಲಿ ಮಾಡುವುದಿಲ್ಲ, ಮಾಡಿರೆಂದು ಯಾರಿಗೂ ಹೇಳುವುದೂ ಇಲ್ಲ. ಅದು ಕೆಲಸ ಮಾಡುವುದು ಪರದೆಯ ಕೆಂಪು-ಹಸಿರು-ನೀಲಿ ಬಣ್ಣದಲ್ಲಿ. 3.0ರಲ್ಲಿ ಅಚ್ಚಿನ ನಾಲ್ಕು ಶಾಯಿಗಳ ಬಣ್ಣವಾದ ಸಿಎಂವೈಕೆಗೆ ಎಕ್ಸ್‌ಪೋರ್ಟ್ ಮಾಡುವ ಅನುಕೂಲ ಬಂದಿದ್ದರೂ, ಪರದೆಯ ಕಪ್ಪು ಆಫ್‌ಸೆಟ್‌ಗೆ ಹೋಗುವಾಗ ನಾಲ್ಕು ಶಾಯಿಗಳ ಮಿಶ್ರಣವಾಗಬಹುದು. ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಸರಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಮೂಡುತ್ತದೆ. ಹಾಗಾಗಿ ಹಿನ್ನೆಲೆ, ಫೋಟೋ, ಹೂವಿನ ಅಲಂಕಾರ ಗಿಂಪ್‌ನಲ್ಲಿ, ಅಕ್ಷರ ಪುಟ ಜೋಡಿಸುವ ತಂತ್ರಾಂಶವಾದ ಸ್ಕ್ರೈಬಸ್ 1.6ರಲ್ಲಿ. ಅದೂ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ, ಅದೂ ಉಚಿತ. ಫೋನಿನ ಪತ್ರಿಕೆ, ಬ್ಯಾನರು, ಫ್ಲೆಕ್ಸಿನ ದೊಡ್ಡ ಅಕ್ಷರಕ್ಕೆ ಮಾತ್ರ ಕಣ್ಣು ಮುಚ್ಚಿ ಗಿಂಪ್ ಬಳಸಿ. ನನ್ನ ಅಂಗಡಿಯ ಹತ್ತರಲ್ಲಿ ಏಳು ಕೆಲಸ ಈಗ ಅವೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ತೇಲುವ ಪಟ್ಟಿಗೆ, ಮತ್ತು ಫಾಂಟಿನಲ್ಲಿ ಇಲ್ಲದ ಬೋಲ್ಡನ್ನು ಹೇಳದೆ ಕೇಳದೆ ಊದಿಸಿ ಕೊಡುವುದಕ್ಕೆ. ಈ ಫಾಂಟಿಗೆ ಬೋಲ್ಡ್ ಇಲ್ಲ ಎಂದು ಒಂದು ಸಾಲಿನಲ್ಲಿ ತಿಳಿಸಿದರೂ ಸಾಕಿತ್ತು.

ಹೊಸ ಫಾಂಟು ಯಾವುದು ಇಳಿಸಿದರೂ ನಾನು ಮೊದಲು ಹೊಡೆದು ನೋಡುವ ಸಾಲು ಒಂದಿದೆ. ಅಪ್ಪ ಮತ್ತು ನಾನು ಕೂತು ಮಾಡಿದ್ದು. ಬೇಕಿದ್ದವರು ಇಲ್ಲಿಂದಲೇ ನಕಲು ಮಾಡಿಕೊಳ್ಳಿ, ಕಾಣದ ಅಕ್ಷರಗಳೂ ಜೊತೆಗೇ ಬರುತ್ತವೆ. ಪತ್ರಿಕೆಯಲ್ಲಿ ಬರುವ ಅತಿ ಸಣ್ಣ ಗಾತ್ರದಲ್ಲಿ ಹೊಡೆದು, ಫೋನಿಗೆ ಕಳಿಸಿ, ಕೈಯಳತೆ ದೂರದಲ್ಲಿ ಹಿಡಿದು ಓದಿ:

ಧನ ದನ, ಫಲ ಪಲ, ಭಾಗ್ಯ ಬಾಗಿಲು, ರಥ ಮಠ, ಲಕ್ಷ್ಮಿ, ಸ್ತ್ರೀ, ರಾಷ್ಟ್ರ, ಕೃಷ್ಣ, ಮುಹೂರ್ತ, ರ‍್ಯಾಂಕ್, ಆ್ಯಪ್, ಸುರೇಶ್‌ಕುಮಾರ್.